ಚಿಕ್ಕೋಡಿ ಸೀಮೆಯ ಮನೆಗಳಲ್ಲಿ ಕಾರ್ಬೊರೇಟರ್ ದುರಸ್ತಿ

2020ರ ಏಪ್ರಿಲ್ 1ರಂದು ಬಿಎಸ್-6 ನಿಯಮ ಜಾರಿಗೆ ಬಂತು. ಹೊಸ ಮೋಟರ್‌ಸೈಕಲ್‌ಗಳು ಫ್ಯುಯೆಲ್ ಇಂಜೆಕ್ಷನ್‌ಗೆ ಹೊರಳಿದವು. ಕಾರ್ಬೊರೇಟರ್ ಕಾಲ ಮುಗಿಯಿತು ಎಂದು ಹೇಳುವುದು ಅಂದಿನಿಂದ ರೂಢಿಯಾಗಿದೆ. ಕರೋಶಿಯಿಂದ ಚಿಕ್ಕೋಡಿಗೆ ಹೋಗುವ ರಸ್ತೆಯಲ್ಲಿ ಅರ್ಧ ತಾಸು ನಿಂತವರು ಹಾಗೆ ಹೇಳಲಾರರು. ಹಾಲಿನ ಕ್ಯಾನು ಕಟ್ಟಿಕೊಂಡ ಸ್ಪ್ಲೆಂಡರ್, ಮೇವಿನ ಹೊರೆ ಹೊತ್ತ ಎಕ್ಸ್‌ಎಲ್, ಅಪ್ಪನಿಂದ ಮಗನಿಗೆ ಬಂದ ಆರ್‌ಎಕ್ಸ್ 100, ಇವೆಲ್ಲ ಇನ್ನೂ ಕಾರ್ಬೊರೇಟರ್ ಮೇಲೆಯೇ ಓಡುತ್ತಿವೆ.

ಇದಕ್ಕಿಂತ ಹೆಚ್ಚು ಹಾನಿ ಮಾಡಿದ್ದು ಇನ್ನೊಂದು ಮಾತು. ಕಾರ್ಬೊರೇಟರ್ ದುರಸ್ತಿ ಎಂದರೆ ತೊಳೆಯುವುದು ಎಂದೇ ಬಹಳ ಜನ ನಂಬಿದ್ದಾರೆ. ‘ಗಾಡಿ ಚಾಲೂ ಆಗವಲ್ದು, ಕಾರ್ಬೆಟರ್ ಬಿಚ್ಚಿ ತೊಳದ್ ಕೊಡ್ರಿ’ ಎನ್ನುತ್ತಲೇ ಗಿರಾಕಿ ಬರುತ್ತಾನೆ. ಡಬ್ಬಿಯ ಸ್ಪ್ರೇ ಹೊಡೆದು, ಗಾಳಿ ಊದಿ, ಹತ್ತು ನಿಮಿಷದಲ್ಲಿ ಜೋಡಿಸಿ ಕೊಡುವ ಹುಡುಗರೂ ಹೆಚ್ಚಾಗಿದ್ದಾರೆ. ತೊಳೆಯುವುದು ಈ ವಿದ್ಯೆಯ ಅತಿ ಸಣ್ಣ ಭಾಗ. ದೋಷ ಎಲ್ಲಿದೆ ಎಂದು ಬಿಚ್ಚುವ ಮೊದಲೇ ತಿಳಿಯುವುದು, ಬಿಚ್ಚಿದ ಮೇಲೆ ಅಳೆಯುವುದು, ಇವೆರಡರಲ್ಲೇ ಅದರ ಜೀವ ಇದೆ.

ಕಾರ್ಬೊರೇಟರಿನ ಹುಟ್ಟಿನ ಕಥೆ ಬೇಗ ಮುಗಿಯುತ್ತದೆ. ಕಿರಿದಾದ ಕೊಳವೆಯಲ್ಲಿ ಗಾಳಿಯ ವೇಗ ಏರಿದಾಗ ಒತ್ತಡ ಇಳಿಯುತ್ತದೆ, ಆಗ ಪೆಟ್ರೋಲು ಜೆಟ್ ಎಂಬ ಸಣ್ಣ ತೂತಿನಿಂದ ಮೇಲೆದ್ದು ಹನಿಹನಿಯಾಗಿ ಗಾಳಿಯಲ್ಲಿ ಬೆರೆಯುತ್ತದೆ. 1893ರ ಸುಮಾರಿಗೆ ಜರ್ಮನಿಯ ವಿಲ್ಹೆಲ್ಮ್ ಮೇಬ್ಯಾಕ್, ಹಂಗೇರಿಯ ಬಾಂಕಿ ಮತ್ತು ಚೊಂಕಾ ಇದನ್ನು ಎಂಜಿನ್ನಿಗೆ ಒಗ್ಗಿಸಿದರು. 1927ರಲ್ಲಿ ಇಂಗ್ಲೆಂಡಿನಲ್ಲಿ ಮೂರು ಕಾರ್ಬೊರೇಟರ್ ಕಂಪನಿಗಳು ಕೂಡಿ ಅಮಾಲ್ ಆಯಿತು. ಜಪಾನಿನ ಮಿಕುನಿ ಅಮಾಲ್‌ನಿಂದಲೇ ಪರವಾನಗಿ ಪಡೆದು ಬೆಳೆಯಿತು. ನಮ್ಮಲ್ಲಿ 1955ರಿಂದ ಮದ್ರಾಸಿನ ಬುಲೆಟ್, ಅರವತ್ತರ ದಶಕದಲ್ಲಿ ಎಸ್ಕಾರ್ಟ್ಸ್‌ನ ರಾಜದೂತ್ ಮತ್ತು ಮೈಸೂರಿನ ಐಡಿಯಲ್ ಜಾವಾ ಬಂದವು. ಮೈಸೂರಿನ ಗಾಡಿಗೆ 1973ರಲ್ಲಿ ಯೆಜ್ಡಿ ಎಂಬ ಹೆಸರು ಬಂತು, 1996ರಲ್ಲಿ ಆ ಕಾರ್ಖಾನೆ ಮುಚ್ಚಿತು.

ಆ ಗಾಡಿಗಳನ್ನು ದುರಸ್ತಿ ಮಾಡಿದ ತಲೆಮಾರಿನ ಮಿಸ್ತ್ರಿಗಳಿಂದ ನಮಗೆ ಬಂದ ದೊಡ್ಡ ಆಸ್ತಿ ಹಿತ್ತಾಳೆ ಫ್ಲೋಟಿನ ಪರೀಕ್ಷೆ. ಕಾರ್ಬೊರೇಟರಿನ ತಳದ ಬೌಲಿನಲ್ಲಿ ತೇಲುತ್ತಿದ್ದು ಪೆಟ್ರೋಲಿನ ಮಟ್ಟ ಕಾಯುವುದು ಫ್ಲೋಟಿನ ಕೆಲಸ. ಅದಕ್ಕೆ ಸೂಜಿಮೊನೆಯಷ್ಟು ತೂತು ಬಿದ್ದರೂ ಒಳಗೆ ಪೆಟ್ರೋಲು ಸೇರಿ ಭಾರವಾಗುತ್ತದೆ, ಗಾಡಿ ಓವರ್‌ಫ್ಲೋ ಆಗುತ್ತದೆ. ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಪೆಟ್ರೋಲು ಕುಲುಕುವುದು ಕೇಳಿಸುತ್ತದೆ. ತೂತು ಹುಡುಕಲು ಫ್ಲೋಟನ್ನು ಬಿಸಿನೀರಿನಲ್ಲಿ ಮುಳುಗಿಸಬೇಕು. ಒಳಗಿನ ಪೆಟ್ರೋಲು ಆವಿಯಾಗಿ ಗುಳ್ಳೆ ಎದ್ದ ಜಾಗವೇ ತೂತು. ಪೆಟ್ರೋಲು ಪೂರ್ತಿ ಹೊರಗೆ ಬಂದು ಒಣಗಿದ ಮೇಲಷ್ಟೇ ಬೆಸುಗೆ ಹಾಕಬೇಕು. ಬೆಸುಗೆಯ ಸೀಸ ಹೆಚ್ಚಾದರೆ ಫ್ಲೋಟಿನ ತೂಕ ಏರಿ ಮಟ್ಟ ತಪ್ಪುತ್ತದೆ, ಆದ್ದರಿಂದ ಒಂದೇ ಹನಿ. ಆ ಎಚ್ಚರವೇ ಆ ಮಿಸ್ತ್ರಿಗಳ ಕಸುಬು.

1985ರಲ್ಲಿ ಕಾಲ ಹೊರಳಿತು. ಹೀರೊ ಹೋಂಡಾ ಸಿಡಿ 100, ಆರ್‌ಎಕ್ಸ್ 100 ಆ ವರ್ಷ ಬಂದವು. ಒಂದಕ್ಕೆ ಕೇಹಿನ್ ಕಾರ್ಬೊರೇಟರ್, ಇನ್ನೊಂದಕ್ಕೆ ಮಿಕುನಿ. 1994ರಲ್ಲಿ ಸ್ಪ್ಲೆಂಡರ್ ಬಂತು. ನಮ್ಮ ಪೀಳಿಗೆ ಕಲಿತದ್ದೆಲ್ಲ ಈ ಗಾಡಿಗಳ ಮೇಲೆ. ರೈತನ ಮನೆಯಲ್ಲಿ ಮೊದಲ ಗಾಡಿ ಬಂದದ್ದೂ, ಪಡಸಾಲೆಯಲ್ಲಿ ಗೋಣಿಚೀಲ ಹಾಸಿಕೊಂಡು ಮನೆಯವರೇ ಕಾರ್ಬೊರೇಟರ್ ಬಿಚ್ಚತೊಡಗಿದ್ದೂ ಆಗಲೇ. ಕಬ್ಬಿನ ಹಂಗಾಮಿನಲ್ಲಿ ಒಂದು ದಿನ ಗಾಡಿ ನಿಂತರೂ ಕೆಲಸ ಕೆಡುತ್ತಿತ್ತು. ಆ ಒತ್ತಡದಿಂದಲೇ ನಮ್ಮ ಸೀಮೆಯಲ್ಲಿ ಅಳೆದು ದುರಸ್ತಿ ಮಾಡುವ ಪದ್ಧತಿ ಬೆಳೆಯಿತು. ಅದರಷ್ಟು ಚೊಕ್ಕವಾದ ಪದ್ಧತಿ ಆಮೇಲೆ ಬಂದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆ ಪದ್ಧತಿ ಶುರುವಾಗುವುದು ಎಕ್ಸಲೇಟರ್ ಹಿಡಿಕೆಯಿಂದ. ಹಿಡಿಕೆಗೆ ಬಿಳಿ ಪಟ್ಟಿ ಸುತ್ತಿ, ಮುಚ್ಚಿದಾಗ, ಕಾಲು ಭಾಗ, ಅರ್ಧ, ಮುಕ್ಕಾಲು, ಪೂರ್ತಿ ಎಂದು ಪೆನ್ನಿನಿಂದ ಗೆರೆ ಹಾಕಬೇಕು. ಆಮೇಲೆ ಗಾಡಿ ಓಡಿಸಿ ಯಾವ ಗೆರೆಯಲ್ಲಿ ಮಿಸ್ಸಿಂಗ್ ಬರುತ್ತದೆ ನೋಡಬೇಕು. ಕೇಬಲ್ಲು ನೇರವಾಗಿ ಸ್ಲೈಡ್ ಎತ್ತುವ ಮಾದರಿಯಲ್ಲಿ ಎಂಟನೇ ಒಂದು ಭಾಗದವರೆಗೆ ಸ್ಲೋ ಜೆಟ್ ಮತ್ತು ಏರ್ ಸ್ಕ್ರೂ, ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡಿನ ಕೆಳ ಅಂಚಿನ ಕಡಿತ, ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್, ಆಚೆಗೆ ಮೇನ್ ಜೆಟ್. ಅರ್ಧ ಎಕ್ಸಲೇಟರಿನಲ್ಲಿ ಗಾಡಿ ಎಳೆಯುತ್ತಿಲ್ಲವೆಂದರೆ ಸ್ಲೋ ಜೆಟ್ ತೊಳೆದು ಉಪಯೋಗವಿಲ್ಲ. ನೀಡಲಿನ ಕ್ಲಿಪ್ ಒಂದು ಕಚ್ಚು ಕೆಳಗಿಳಿಸಿದರೆ ನೀಡಲ್ ಮೇಲೆದ್ದು ಪೆಟ್ರೋಲು ಹೆಚ್ಚುತ್ತದೆ. ಪ್ಲಗ್ ಬಿಚ್ಚಿ ನೋಡಿದರೆ ಕಂದು ಬಣ್ಣ ಸರಿ, ಕಪ್ಪು ಮಸಿ ಇದ್ದರೆ ಪೆಟ್ರೋಲು ಹೆಚ್ಚು, ಬೆಳ್ಳಗಾಗಿದ್ದರೆ ಕಡಿಮೆ.

ಸ್ಕ್ರೂ ವಿಷಯದಲ್ಲಿ ಕೆಟ್ಟ ಗಾಡಿಗಳಿಗೆ ಲೆಕ್ಕವಿಲ್ಲ. ಸ್ಕ್ರೂ ಏರ್ ಫಿಲ್ಟರ್ ಕಡೆಗಿದ್ದರೆ ಅದು ಗಾಳಿಯನ್ನು ಹಿಡಿಯುತ್ತದೆ, ಒಳಗೆ ತಿರುಗಿಸಿದರೆ ಪೆಟ್ರೋಲಿನ ಪಾಲು ಹೆಚ್ಚು. ಎಂಜಿನ್ ಕಡೆಗಿದ್ದರೆ ಅದು ಬೆರೆತ ಮಿಶ್ರಣವನ್ನು ಹಿಡಿಯುತ್ತದೆ, ಅಲ್ಲಿ ಹೊರಗೆ ತಿರುಗಿಸಿದರೆ ಹೆಚ್ಚು. ಬಿಚ್ಚುವ ಮೊದಲು ಪೂರ್ತಿ ಒಳಗೆ ಕೂರುವವರೆಗೆ ಎಷ್ಟು ಸುತ್ತು ಎಂದು ಎಣಿಸಿ ಬರೆದಿಡಬೇಕು. ಜೆಟ್ಟಿಗೆ ಉಕ್ಕಿನ ತಂತಿ ಚುಚ್ಚಲೇಬಾರದು. ಹಿತ್ತಾಳೆ ಮೆತ್ತಗಿರುವುದರಿಂದ ತೂತು ಸವೆದು ದೊಡ್ಡದಾಗುತ್ತದೆ, ಜೆಟ್ ಮೇಲೆ ಕೊರೆದ ನಂಬರಿಗೆ ಅರ್ಥ ಉಳಿಯುವುದಿಲ್ಲ. ಕರೆಂಟ್ ವಾಯರಿನ ತಾಮ್ರದ ಒಂದು ಎಳೆ, ಸೈಕಲ್ ಪಂಪಿನ ಗಾಳಿ, ಇಷ್ಟು ಸಾಕು.

2003ರ ಪಲ್ಸರ್ ಡಿಟಿಎಸ್-ಐ ನಂತರ ಸಿವಿ ಮಾದರಿ ಹಳ್ಳಿಗೂ ಬಂತು. ಅದರಲ್ಲಿ ಕೇಬಲ್ಲು ಬಟರ್‌ಫ್ಲೈ ಕವಾಟವನ್ನು ಮಾತ್ರ ತೆರೆಯುತ್ತದೆ, ಸ್ಲೈಡನ್ನು ಎತ್ತುವುದು ರಬ್ಬರಿನ ಡಯಾಫ್ರಾಮ್. ಅದಕ್ಕೆ ಸ್ಪ್ರೇ ತಾಗಿದರೆ ಉಬ್ಬಿ ಕೂಡುವುದಿಲ್ಲ, ಸಣ್ಣ ಹರಕು ಬಿದ್ದರೂ ಪಿಕಪ್ ಹೋಗುತ್ತದೆ. ತೊಳೆಯುವವರ ಕೈಗೆ ಸಿಕ್ಕು ಹಾಳಾದದ್ದು ಈ ಮಾದರಿಯೇ ಹೆಚ್ಚು. ಅದಾದ ಮೇಲೆ ಅಗ್ಗದ ಹೊಸ ಕಾರ್ಬೊರೇಟರ್ ತಂದು ಹಳೆಯದನ್ನು ಗುಜರಿಗೆ ಹಾಕುವ ಚಾಳಿ ಬಂತು. ಅದಕ್ಕೆ ದುರಸ್ತಿ ಎಂಬ ಹೆಸರು ಸಲ್ಲದು.

ಈಗ ಈ ವಿದ್ಯೆ ಮತ್ತೆ ಬೇಕಾಗಿರುವುದಕ್ಕೆ ಕಾರಣ ನಮ್ಮ ಹೊಲದಲ್ಲೇ ಇದೆ. 2003ರಲ್ಲಿ ಕರ್ನಾಟಕವೂ ಸೇರಿದಂತೆ ಒಂಬತ್ತು ರಾಜ್ಯಗಳಲ್ಲಿ ಪೆಟ್ರೋಲಿಗೆ ಶೇ 5 ಎಥೆನಾಲ್ ಬೆರೆಸುವುದು ಶುರುವಾಯಿತು. 2022ಕ್ಕೆ ಅದು ಶೇ 10 ಮುಟ್ಟಿತು. 2023ರ ಫೆಬ್ರುವರಿಯಲ್ಲಿ ಶೇ 20ರ ಇ20 ಪೆಟ್ರೋಲು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು, 2025ರ ಹೊತ್ತಿಗೆ ಎಲ್ಲ ಕಡೆ ಬಂತು. ಆ ಎಥೆನಾಲಿನ ಒಂದು ಪಾಲು ಬರುವುದು ಕಬ್ಬಿನಿಂದ. 1939ರ ಉಗಾರ ಶುಗರ್ ವರ್ಕ್ಸ್ ಇರುವುದು ಇಲ್ಲಿಯೇ, ಕಾಗವಾಡ ತಾಲ್ಲೂಕಿನಲ್ಲಿ. ಕಬ್ಬಿಗೆ ಬೆಲೆ ಬರುವುದು ರೈತನಿಗೆ ಬೇಕಾದದ್ದೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅದೇ ರೈತನ ಹಳೆಯ ಗಾಡಿಯ ಗತಿಯನ್ನು ಯಾರೂ ಕೇಳಿಲ್ಲ.

ಶುದ್ಧ ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು, ಇ20ಗೆ ಸುಮಾರು 13.5 ಸಾಕು. ಇಂಜೆಕ್ಷನ್ ಗಾಡಿಯಲ್ಲಿ ಸೆನ್ಸರ್ ನೋಡಿ ಪೆಟ್ರೋಲು ಹೆಚ್ಚಿಸುತ್ತದೆ. ಕಾರ್ಬೊರೇಟರಿನ ಜೆಟ್ಟಿಗೆ ಆ ಅರಿವಿಲ್ಲ, ಹಳೆಯ ಅಳತೆಯಲ್ಲೇ ಬಿಡುತ್ತದೆ. ಮಿಶ್ರಣ ತೆಳುವಾಗುತ್ತದೆ, ಪ್ಲಗ್ ಬೆಳ್ಳಗಾಗುತ್ತದೆ, ಎಂಜಿನ್ ಬಿಸಿಯೇರುತ್ತದೆ. ಎಥೆನಾಲ್ ತೇವವನ್ನೂ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಗಾಡಿಯ ಬೌಲ್ ಬಿಚ್ಚಿದರೆ ತಳದಲ್ಲಿ ನೀರಿನ ಪದರ, ಗೋಡೆಗೆ ಬಿಳಿ ಪುಡಿ, ಜೆಟ್ಟಿನ ಮೇಲೆ ಹಸಿರು ಕಿಲುಬು. ಹಳೆಯ ರಬ್ಬರ್ ಓ-ರಿಂಗು, ಫ್ಲೋಟ್ ನೀಡಲಿನ ಮೊನೆ ಉಬ್ಬಿ ಪೆಟ್ರೋಲು ಸೋರುತ್ತದೆ. ಫೋರ್ ಸ್ಟ್ರೋಕ್ ಗಾಡಿಯಲ್ಲಿ ಸೋರಿದ್ದು ಸಿಲಿಂಡರ್ ದಾಟಿ ಎಂಜಿನ್ ಆಯಿಲಿಗೂ ಸೇರಬಹುದು. ಡಿಪ್‌ಸ್ಟಿಕ್ ಮೂಸಿದರೆ ಗೊತ್ತಾಗುತ್ತದೆ. ಗಾಡಿ ನಿಲ್ಲಿಸುವಾಗ ಪೆಟ್ರೋಲ್ ಕಾಕ್ ಬಂದ್ ಮಾಡಿ ಬೌಲಿನ ಡ್ರೇನ್ ಸ್ಕ್ರೂ ಸಡಿಲಿಸಿ ಖಾಲಿ ಮಾಡುವುದು ಎಲ್ಲರೂ ಮಾಡಬಹುದಾದ ಕೆಲಸ.

ಮೇನ್ ಜೆಟ್ ಎಷ್ಟು ದೊಡ್ಡದು ಹಾಕಬೇಕು, ಕ್ಲಿಪ್ ಎಲ್ಲಿರಬೇಕು ಎಂಬುದು ಗಾಡಿಗೊಂದು ಲೆಕ್ಕ. ಚಿಕ್ಕೋಡಿ, ರಾಯಬಾಗ, ಅಥಣಿ ಗ್ಯಾರೇಜುಗಳಲ್ಲಿ ಅದು ಅಂದಾಜಿನ ಮೇಲೆ ನಡೆದಿದೆ, ಬರೆದಿಟ್ಟವರನ್ನು ನಾನು ಕಂಡಿಲ್ಲ. ನಾವು ಕಲಿತ ಸರ್ವಿಸ್ ಪುಸ್ತಕಗಳೆಲ್ಲ ಇಂಗ್ಲಿಷಿನವು, ಅವುಗಳ ಅಳತೆಯೂ ಎಥೆನಾಲ್ ಇಲ್ಲದ ಕಾಲದ್ದು. ಗಾಡಿಯ ಹೆಸರು, ವರ್ಷ, ಮೇನ್ ಜೆಟ್ ಮತ್ತು ಸ್ಲೋ ಜೆಟ್ ನಂಬರು, ಕ್ಲಿಪ್ಪಿನ ಕಚ್ಚು, ಸ್ಕ್ರೂ ಸುತ್ತು, ಪ್ಲಗ್ಗಿನ ಬಣ್ಣ, ಯಾವ ತಿಂಗಳು: ಪ್ರತಿ ಗ್ಯಾರೇಜಿನಲ್ಲೂ ಒಂದು ವಹಿಯಲ್ಲಿ ಇಷ್ಟು ಬರೆದಿಡಲು ಖರ್ಚೇನೂ ಇಲ್ಲ. ನಮ್ಮ ಐಟಿಐಗಳು ಹುಡುಗರನ್ನು ಕಳಿಸಿ ಆ ವಹಿಗಳನ್ನು ಕಲೆಹಾಕಿದರೆ, ಇ20ಗೆ ಒಪ್ಪುವ ಜೆಟ್ಟುಗಳ ಮೊದಲ ಕನ್ನಡ ಪಟ್ಟಿ ಈ ಕಬ್ಬಿನ ಸೀಮೆಯಿಂದಲೇ ಹೊರಬರಬಹುದು.