ಬಾದಾಮಿ: ಊರಿನ ಹೆಸರೂ ಮರದ ಹೆಸರೂ

ಬಾಗಲಕೋಟೆ ಜಿಲ್ಲೆಯ ಬಾದಾಮಿಗೆ ಆ ಹೆಸರು ಬಾದಾಮಿಯ ಕಾಯಿಂದ ಬಂದಿತೆಂದು ಹೇಳುವ ವಾಡಿಕೆಯುಂಟು. ಅಲ್ಲಿಯ ಮರಳುಗಲ್ಲಿನ ಬೆಟ್ಟಗಳು ಆ ಕಾಯಿಯ ಸಿಪ್ಪೆಯ ಬಣ್ಣವನ್ನು ಹೋಲುವುವೆಂಬುದೇ ಇದಕ್ಕೆ ಆಧಾರ. ಹೋಲಿಕೆಯು ಕಣ್ಣಿಗೆ ಹಿತವಾದುದೇ ಸರಿ. ಆದರೆ ಹೋಲಿಕೆಯೇ ಸಂಬಂಧವಾಗಲಾರದು. ಶಬ್ದಗಳಲ್ಲಿ ರೂಪಸಾಮ್ಯ ಬೇರೆ, ಮೂಲಸಂಬಂಧ ಬೇರೆ, ಮರಗಳಲ್ಲಿಯೂ ಹಾಗೆಯೇ. ಈ ಎರಡು ವಿಷಯಗಳನ್ನೂ ಒಟ್ಟಿಗೆ ಪರಿಶೀಲಿಸುವುದರಿಂದ ಒಂದು ಪ್ರಮಾದವು ನಿವಾರಣೆಯಾಗುವುದಲ್ಲದೆ ಕೆಲವು ಕನ್ನಡ ಪದಗಳ ಚರಿತ್ರೆಯೂ ಸ್ಪಷ್ಟವಾಗುವುದು.

ಮೊದಲು ಶಾಸನಪ್ರಮಾಣ. ಒಂದನೆಯ ಪುಲಕೇಶಿಯು ಬೆಟ್ಟದ ಮೇಲೆ ಕೋಟೆ ಕಟ್ಟಿಸಿದ ಸಂಗತಿಯನ್ನು ತಿಳಿಸುವ ಶಕ 465ರ (ಕ್ರಿ. ಶ. 543) ಶಾಸನದಲ್ಲಿ ಸ್ಥಳದ ಹೆಸರು ವಾತಾಪಿ ಎಂದಿದೆ. ಹುನಗುಂದ ಸೀಮೆಯ ಐಹೊಳೆಯಲ್ಲಿ, ಮೇಗುತಿಯ ಜಿನಾಲಯದ ಗೋಡೆಯ ಮೇಲೆ ರವಿಕೀರ್ತಿಯು ಶಕ 556ರಲ್ಲಿ (ಕ್ರಿ. ಶ. 634-35) ರಚಿಸಿದ ಪ್ರಶಸ್ತಿಯಲ್ಲಿಯೂ ಅದೇ ರೂಪ. ಕನ್ನಡ ಶಾಸನಗಳಲ್ಲಿ ಬಾದಾವಿ ಎಂಬುದೂ ದೊರೆಯುತ್ತದೆ. ಪಾರಸಿಯ ಪದಗಳು ಈ ಸೀಮೆಯ ಆಡುನುಡಿಗೆ ಹೇರಳವಾಗಿ ಹರಿದುಬಂದುದು 1347ರಲ್ಲಿ ಬಹಮನಿ ರಾಜ್ಯವೂ, 1490ರಲ್ಲಿ ವಿಜಾಪುರದ ಆದಿಲಶಾಹಿಯೂ ತಲೆಯೆತ್ತಿದ ಮೇಲೆ. ಊರಿನ ಹೆಸರು ಅದಕ್ಕಿಂತ ಎಷ್ಟೋ ಶತಮಾನಗಳಷ್ಟು ಹಿಂದಿನದು.

ವಾತಾಪಿಯು ಬಾದಾವಿಯಾಗುವುದಕ್ಕೆ ಹೊರಗಿನ ಸಹಾಯವೇನೂ ಬೇಡ. ಪದಾದಿಯ ವಕಾರವು ಬಕಾರವಾಗುವುದಕ್ಕೆ ವನ, ಬನ ಎಂಬುದೇ ಸಾಕ್ಷಿ. ಬಾದಾಮಿಯ ನೆರೆಯಲ್ಲಿಯೇ ನೆಲಸಿರುವ ಬನಶಂಕರಿಯ ಹೆಸರಿನಲ್ಲಿ ಅದು ಪ್ರತ್ಯಕ್ಷವಾಗಿದೆ. ವಸತಿ ಎಂಬುದು ಬಸದಿ ಆದಾಗ ವಕಾರದ ಬಕಾರವೂ ತಕಾರದ ದಕಾರವೂ ಒಂದೇ ಪದದಲ್ಲಿ ಕಾಣುವುವು. ದೀಪಿಕೆಯು ದೀವಿಗೆಯಾದಂತೆ ಪಕಾರವು ವಕಾರವಾಗುವುದು. ವಕಾರ ಮಕಾರಗಳ ವಿನಿಮಯವೂ ಅಪೂರ್ವವಲ್ಲ: ತಮಿಳಿನ ತಾಮರೈ ಕನ್ನಡದಲ್ಲಿ ತಾವರೆ. ಕ್ರಿ. ಶ. ಎರಡನೆಯ ಶತಮಾನದ ಯವನ ಭೂಗೋಳಜ್ಞನಾದ ತಾಲೆಮಿಯು ಹೇಳುವ ‘ಬದಿಯಮಾಯೊಯಿ’ ಈ ಊರೇ ಎಂದು ವಿದ್ವಾಂಸರು ಗುರುತಿಸಿರುವುದನ್ನು ಒಪ್ಪಿದರೆ, ಬಕಾರ ದಕಾರ ಮಕಾರಗಳುಳ್ಳ ದೇಶ್ಯರೂಪವೇ ಪ್ರಾಚೀನವಾಗಿದ್ದು, ವಾತಾಪಿ ಎಂಬುದು ಅದಕ್ಕೆ ತೊಡಿಸಿದ ಸಂಸ್ಕೃತದ ಉಡುಗೆಯೆಂದೂ ಹೇಳಬಹುದು. ಎರಡು ಪಕ್ಷಗಳಲ್ಲಿ ಯಾವುದನ್ನು ಹಿಡಿದರೂ ಬಾದಾಮಿಯ ಕಾಯಿಗೆ ಇಲ್ಲಿ ಎಡೆಯಿಲ್ಲ.

ಇನ್ನು ಕಾಯಿಯ ಹೆಸರು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಫಲಗಳ ಗುಣವನ್ನು ಹೇಳುವಾಗ ವಾತಾಮ, ಅಭಿಷುಕ, ಅಕ್ಷೋಟ ಮುಂತಾದುವು ಒಟ್ಟಿಗೆ ಬರುತ್ತವೆ. ಇವುಗಳಲ್ಲಿ ವಾತಾಮವೇ ಬಾದಾಮಿ, ಅಕ್ಷೋಟವು ಅಕ್ರೋಟು. ಪಾರಸಿಯ ಮಧ್ಯಕಾಲದ ರೂಪ ವಾದಾಮ್, ಆಮೇಲಿನದು ಬಾದಾಮ್. ಆದುದರಿಂದ ವಾತಾಪಿಯೂ ವಾತಾಮವೂ ಬೇರೆ ಬೇರೆ ದೇಶಗಳಲ್ಲಿ ಒಂದೇ ಬಗೆಯ ವರ್ಣವಿಕಾರಗಳಿಗೆ ಒಳಗಾಗಿ ಕೊನೆಗೆ ಒಂದೇ ರೂಪಕ್ಕೆ ಬಂದು ಮುಟ್ಟಿದುವು. ಎರಡು ಹೊಳೆಗಳು ಒಂದೇ ಕಡಲನ್ನು ಸೇರಿದ ಮಾತ್ರಕ್ಕೆ ಅವು ಒಂದೇ ಬೆಟ್ಟದಲ್ಲಿ ಹುಟ್ಟಿದುವೆನ್ನಲಾಗದು.

ಮರದ ಮಾತೂ ಹೀಗೆಯೇ ಇದೆ. ನಿಜವಾದ ಬಾದಾಮಿಯು ಗುಲಾಬಿಯ ಕುಟುಂಬದ್ದು. ಪೀಚು, ಜರ್ದಾಳುಗಳ ಬಂಧು. ಅದಕ್ಕೆ ಚಳಿಗಾಲದ ಶೀತ ಬೇಕು. ಆದುದರಿಂದ ಭಾರತದಲ್ಲಿ ಅದರ ನೆಲೆ ಮುಖ್ಯವಾಗಿ ಕಾಶ್ಮೀರ. ಪಶ್ಚಿಮ ಏಷ್ಯದ ಅದರ ಕಾಡು ಬಂಧುಗಳ ತಿರುಳು ಕಹಿ ಮಾತ್ರವಲ್ಲ, ವಿಷವೂ ಹೌದು. ಅದರಲ್ಲಿರುವ ಅಮಿಗ್ಡಲಿನ್ ಎಂಬ ದ್ರವ್ಯವು ಜಗಿದಾಗ ಸೈನೈಡನ್ನು ಬಿಡುವುದು. ಆ ದ್ರವ್ಯದ ಉತ್ಪತ್ತಿಯನ್ನು ಪ್ರೇರಿಸುವ ಒಂದು ನಿಯಂತ್ರಕ ವಂಶಾಣುವಿನಲ್ಲಿ ಉಂಟಾದ ವ್ಯತ್ಯಾಸವೇ ಸಿಹಿ ಬಾದಾಮಿಗೆ ಕಾರಣವೆಂದು 2019ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿದೆ. ನಮ್ಮ ಊರುಗಳ ಅಂಗಳಗಳಲ್ಲಿ ಅಗಲವಾದ ಎಲೆಗಳನ್ನು ಹರಡಿ ನಿಂತು ಬಾದಾಮಿಯೆನ್ನಿಸಿಕೊಳ್ಳುವ ಮರವಾದರೋ ಬೇರೆಯೇ. ಅದು ಅಳಲೆ, ತಾರೆ, ಮತ್ತಿಗಳ ಕುಲಕ್ಕೆ ಸೇರಿದುದು. ತಿರುಳಿನ ಆಕಾರಸಾಮ್ಯದಿಂದ ಅದಕ್ಕೆ ಪರರ ಹೆಸರು ಅಂಟಿದೆ.

ಹೆಸರು ಹೀಗೆ ಮರದಿಂದ ಮರಕ್ಕೆ ದಾಟುವುದಕ್ಕೆ ಇದಕ್ಕಿಂತಲೂ ಸ್ವಾರಸ್ಯವಾದ ನಿದರ್ಶನ ಗೇರು. ಈಗ ಗೇರೆಂದರೆ ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ಬ್ರಜಿಲಿನಿಂದ ತಂದ ಮರ. ಆದರೆ ಗೇರು, ಕೇರು ಎಂಬ ಪದವು ಅದಕ್ಕಿಂತ ಹಳೆಯದು. ಅದರ ಮೂಲಾರ್ಥ ಸಂಸ್ಕೃತದ ಭಲ್ಲಾತಕ, ಅಂದರೆ ಅಗಸರು ಬಟ್ಟೆಗೆ ಗುರುತು ಹಾಕುವ ಕರಿಯ ರಸದ ಕಾಡುಬೀಜ. ಮಲಯಾಳದಲ್ಲಿ ಇದು ಚೇರ್, ತಮಿಳಿನಲ್ಲಿ ಚೇರಾಂಕೊಟ್ಟೈ. ಕನ್ನಡದ ಕೇರಿ, ಕಿವಿಗಳಿಗೆ ತಮಿಳಿನಲ್ಲಿ ಚೇರಿ, ಚೆವಿ ಎಂದಿರುವ ನಿಯಮವೇ ಇಲ್ಲಿಯದು. ಆದುದರಿಂದ ಈ ಪದವು ದ್ರಾವಿಡಭಾಷೆಗಳ ಪುರಾತನ ಸ್ವತ್ತು. 1563ರಲ್ಲಿ ಗೋವೆಯಲ್ಲಿ ಅಚ್ಚಾದ ಗಾರ್ಸಿಯ ದ ಓರ್ತನ ಗ್ರಂಥದಲ್ಲಿ ಭಲ್ಲಾತಕದ ಚರ್ಚೆಯಿದೆ, ಹೊಸ ಮರದ ವರ್ಣನೆಯಿಲ್ಲ. 1578ರಲ್ಲಿ ಕ್ರಿಸ್ತೋವಾಂ ದ ಕೋಸ್ತನು ಕೊಚ್ಚಿಯ ತೋಟಗಳಲ್ಲಿ ಅದನ್ನು ಕಂಡುದಾಗಿ ಬರೆದನು. ಹೊಸ ಮರದ ಬೀಜವೂ ಉಬ್ಬಿದ ತೊಟ್ಟಿನ ತುದಿಯಲ್ಲಿ ಹೊರಗೆ ನಿಲ್ಲುವುದು, ಅದರ ಸಿಪ್ಪೆಯ ರಸವೂ ಮೈಯನ್ನು ಸುಡುವುದು. ಈ ಸಾಮ್ಯವನ್ನು ಕಂಡ ಜನರು ಹಳೆಯ ಹೆಸರನ್ನೇ ಹೊಸದಕ್ಕೆ ಇಟ್ಟರು. ಹುನಗುಂದ, ಇಳಕಲ್ಲುಗಳ ಪೇಟೆಯಲ್ಲಿ ಈಗ ಗೋಡಂಬಿಯೆಂದರೆ ಗೇರುಬೀಜದ ತಿರುಳೇ. ಮರಾಠಿಯಲ್ಲಿಯಾದರೋ ಗೋಡಂಬಿಯೆಂಬುದು ಇಂದಿಗೂ ಭಲ್ಲಾತಕದ ತಿರುಳು.

ಯುರೋಪಿನ ಪಂಡಿತರೂ ಇದನ್ನೇ ಮಾಡಿದರೆಂಬುದು ಗಮನಾರ್ಹ. ಅವರ ಹಳೆಯ ವೈದ್ಯಗ್ರಂಥಗಳಲ್ಲಿ ‘ಅನಕಾರ್ಡಿಯಂ’ ಎಂದರೆ ಭಲ್ಲಾತಕ. 1753ರಲ್ಲಿ ಲಿನೇಯಸನು ಆ ಹೆಸರನ್ನು ಬ್ರಜಿಲಿನ ಮರಕ್ಕೆ ಕೊಟ್ಟನು. ವಂಶಸಂಬಂಧವನ್ನು ನೋಡಿದರೆ ಎರಡು ಮರಗಳೂ ಮಾವಿನ ಕುಟುಂಬದವೇ ಅಹುದು. ಆದರೆ ಗೇರಿಗೆ ಭಲ್ಲಾತಕಕ್ಕಿಂತ ಮಾವು ಹತ್ತಿರದ ನೆಂಟ. ತೆಲುಗರು ಭಲ್ಲಾತಕವನ್ನು ಜೀಡಿ ಎಂದೂ ಗೇರನ್ನು ಜೀಡಿಮಾಮಿಡಿ ಎಂದೂ ಕರೆದರು. ಮಲಯಾಳಿಗಳು ಗೇರನ್ನು ಪರಂಗಿಮಾವು ಎಂದರು. ಸಾಮಾನ್ಯಜನರ ಈ ಮಾತುಗಳು ಲಿನೇಯಸನ ನಾಮಕರಣಕ್ಕಿಂತ ನಿಜಕ್ಕೆ ಸಮೀಪವಾಗಿವೆ.

ಗೇರಿನ ಕಾಡು ಬಂಧುಗಳು ಅಮೆರಿಕದಲ್ಲಿಯೇ ಉಳಿದುವು. ಇಲ್ಲಿಗೆ ಬಂದುದು ಹಡಗಿನಲ್ಲಿ ಹಿಡಿಸಿದಷ್ಟು ಬೀಜ. ಆದುದರಿಂದಲೇ ನಾಡಿನ ನಾನಾ ಕಡೆಗಳ ಗೇರಿನ ಬಗೆಗಳನ್ನು ಕೂಡಿಸಿ ಕಾಪಾಡುವ ಕಾರ್ಯವು 1986ರಲ್ಲಿ ಪುತ್ತೂರಿನಲ್ಲಿ ಸ್ಥಾಪಿತವಾದ ಸಂಶೋಧನಕೇಂದ್ರದಲ್ಲಿ ನಡೆದಿದೆ. ಭಲ್ಲಾತಕಕ್ಕೋ ಈ ನೆಲವೇ ತವರು. ಆದರೆ ಅದರ ಹೆಸರು ಪರದೇಶದ ಮರಕ್ಕೆ ಸಂದಿದೆ, ಕೇರೆಂಬ ಮಾತು ಪೇಟೆಯಲ್ಲಿ ಅಪರೂಪವಾಗುತ್ತಿದೆ. ಹೆಸರು ಮರೆತ ಮರವನ್ನು ಕಾಯುವವರು ವಿರಳ.

ಆದಕಾರಣ ಬಾದಾಮಿಯ ಹೆಸರನ್ನು ವಿವರಿಸುವ ಅಧ್ಯಾಪಕರು ಬೆಟ್ಟದ ಬಣ್ಣವನ್ನು ತೋರಿಸದೆ, ಬನಶಂಕರಿಯ ಬಕಾರವನ್ನೂ ಬಸದಿಯ ದಕಾರವನ್ನೂ ತೋರಿಸುವುದು ಯುಕ್ತ. ನಿಘಂಟುಗಳನ್ನು ರಚಿಸುವವರು ಗೇರು, ಗೋಡಂಬಿ ಎಂಬ ಪದಗಳ ಕೆಳಗೆ ಮೊದಲು ಭಲ್ಲಾತಕದ ಅರ್ಥವನ್ನು ಕೊಟ್ಟು, ಹೊಸ ಅರ್ಥವನ್ನು ಆಮೇಲೆ ಬರೆಯತಕ್ಕುದು. ಬಾಗಲಕೋಟೆಯಲ್ಲಿ 2008ರಲ್ಲಿ ತೋಟಗಾರಿಕೆಯ ವಿಶ್ವವಿದ್ಯಾಲಯವು ಸ್ಥಾಪಿತವಾಗಿರುವುದರಿಂದ, ಶಬ್ದವಂಶವನ್ನು ಬಲ್ಲವರೂ ಸಸ್ಯವಂಶವನ್ನು ಬಲ್ಲವರೂ ಕೂಡಿ ಕೆಲಸ ಮಾಡಲು ಬಾದಾಮಿಯ ನೆರೆಯಲ್ಲಿಯೇ ಅನುಕೂಲವೊದಗಿದೆ.