ಹಳೆಯ ಮಸಲ್ ಕಾರಿನ ಬ್ಯಾಕ್‌ಫೈರ್: ಕಾರಣ ಪತ್ತೆ
1967ರ ಷೆವರ್ಲೆ ಕಮಾರೊದಂತಹ ಅಮೆರಿಕದ ಕಾರಿನ ಎಂಜಿನ್ ಸಿಡಿದರೆ, ಸದ್ದು ಎಲ್ಲಿಂದ ಬಂತೆಂಬುದನ್ನು ನಾವು ಮೊದಲು ಗುರುತಿಸಬೇಕು. ಕಾರ್ಬ್ಯುರೇಟರಿನಿಂದಾದರೆ ಪೆಟ್ರೋಲ್ ಸಾಲದ ಮಿಶ್ರಣ, ಹೊತ್ತು ತಪ್ಪಿದ ಕಿಡಿ ಅಥವಾ ಸರಿಯಾಗಿ ಮುಚ್ಚದ ಇನ್‌ಲೆಟ್ ವಾಲ್ವನ್ನು ಶಂಕಿಸುತ್ತೇವೆ. ಸೈಲೆನ್ಸರಿನಿಂದಾದರೆ ಉರಿಯದೆ ಉಳಿದ ಇಂಧನ ಅಲ್ಲಿ ಹೊತ್ತಿಕೊಂಡಿರುತ್ತದೆ. ಕೆಟ್ಟ ಪ್ಲಗ್, ಅತಿಯಾದ ಪೆಟ್ರೋಲ್, ಕೊಳವೆಯ ಗಾಳಿಸೋರಿಕೆ ಇದಕ್ಕೆ ಕಾರಣವಾಗಬಲ್ಲವು.

ಇದರ ವಿ8 ಎಂಜಿನ್ನಿನ ದಹನಕ್ರಮ 1-8-4-3-6-5-7-2. ಅಕ್ಕಪಕ್ಕದ 5 ಮತ್ತು 7ನೆಯ ಸಿಲಿಂಡರುಗಳು ಒಂದರ ಹಿಂದೊಂದು ಉರಿಯುವುದರಿಂದ, ಅವುಗಳ ಪ್ಲಗ್ ತಂತಿಗಳು ಒತ್ತಾಗಿದ್ದರೆ ಕಿಡಿ ಅತ್ತಿಂದಿತ್ತ ಹಾರಬಹುದು. ಆದುದರಿಂದ ಮೊದಲು ತಂತಿಗಳನ್ನು ಬೇರ್ಪಡಿಸಿ ಕ್ರಮವನ್ನು ತಾಳೆನೋಡಬೇಕು. ಬಳಿಕ ಟೈಮಿಂಗ್ ಲೈಟಿನಿಂದ ಕಿಡಿಯ ಸಮಯವನ್ನು ಪರೀಕ್ಷಿಸಬೇಕು. ಕಾರ್ಬ್ಯುರೇಟರಿಗೆ ಕೈಹಾಕುವುದು ಕೊನೆಗೆ. ಎಂಜಿನ್ ಓಡುತ್ತಿರುವಾಗ ಅದರ ಬಾಯಿಯ ಮೇಲೆ ಬಾಗಲಾಗದು. ಜ್ವಾಲೆ ಮುಖಕ್ಕೆ ಚಿಮ್ಮೀತು.