ಬಣ್ಣದ ಮೇಜಿನ ಬೆಲೆ

ಹಳೆಯ ವಸ್ತುವಿಗೆ ಬೆಲೆ ಕಟ್ಟುವಾಗ ನಮ್ಮ ಜನ ಮೊದಲು ಕೇಳುವುದು, ‘ಇದು ಎಷ್ಟು ವರ್ಷದ್ದು?’ ಎಂದು. ವಯಸ್ಸು ಹೆಚ್ಚಿದಷ್ಟೂ ಬೆಲೆ ಹೆಚ್ಚು ಎಂಬ ನಂಬಿಕೆ ಇದರ ಹಿಂದಿದೆ. ಸಾವಂತವಾಡಿಯ ಬಣ್ಣದ ಮೇಜುಗಳ ಚರಿತ್ರೆಯನ್ನು ನೋಡಿದವರಿಗೆ ಈ ನಂಬಿಕೆ ಎಷ್ಟು ಅವಸರದ್ದೆಂದು ಮನವರಿಕೆಯಾಗದಿರದು.

ಬೆಳಗಾವಿಯ ಕಡೆಯಿಂದ ಅಂಬೋಲಿ ಘಟ್ಟ ಇಳಿದರೆ ಸಿಗುವ ಊರು ಸಾವಂತವಾಡಿ. ಭೋಸಲೆ ಮನೆತನದ ಹಿಂದಿನ ಸಂಸ್ಥಾನ. ಮರದ ಮೇಲೆ ಚಿತ್ರ ಬರೆದು ಅರಗಿನ ಮೆರುಗು ಕೊಡುವ ಚಿತಾರಿಗಳಿಗೂ, ಗಂಜೀಫಾ ಎಂಬ ದುಂಡನೆಯ ಆಟದ ಎಲೆಗಳಿಗೂ ಅದು ಹೆಸರಾಗಿದೆ. ಗಂಜೀಫಾ ಪಾರಸಿಕ ದೇಶದಿಂದ ಬಂದ ಆಟ. ಬಾಬರನು 1527ರಲ್ಲಿ ಸಿಂಧಕ್ಕೆ ಈ ಎಲೆಗಳನ್ನು ಕಳುಹಿಸಿಕೊಟ್ಟ ಸಂಗತಿ ಅವನ ಆತ್ಮಕಥೆಯಲ್ಲಿಯೇ ಉಂಟು. ಮೊಗಲರ ಕಟ್ಟಿನಲ್ಲಿ 8 ಪಂಗಡ, 96 ಎಲೆ. ನಮ್ಮವರು ಅದನ್ನು ದಶಾವತಾರಕ್ಕೆ ಒಗ್ಗಿಸಿ 10 ಪಂಗಡ, 120 ಎಲೆ ಮಾಡಿಕೊಂಡರು. ಮೇಜು ಎಂಬ ಮಾತೂ ಪಾರಸಿಯ ಕಡೆಯದೇ. ಮಣೆಯ ಮೇಲೆ ಕುಳಿತು ಉಣ್ಣುತ್ತಿದ್ದ ಮನೆಗೆ ಅದು ತಡವಾಗಿ ಬಂದ ಅತಿಥಿ. ಹೊರಗಿನಿಂದ ಬಂದ ಮೇಜು, ಹೊರಗಿನಿಂದ ಬಂದ ಎಲೆಯಾಟ. ಅದರೊಳಗೆ ಮತ್ಸ್ಯ, ಕೂರ್ಮ, ವರಾಹ!

ಅಚ್ಚಿನ ಅಗ್ಗದ ಎಲೆಗಳು ಬಂದ ಮೇಲೆ ಕೈಯಿಂದ ಬರೆದ ಎಲೆಗಳನ್ನು ಕೇಳುವವರಿಲ್ಲದಾಯಿತು. ಸಂಸ್ಥಾನವೂ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಕಸುಬು ಬಲ್ಲವರು ಬೆರಳೆಣಿಕೆಗೆ ಇಳಿದರು. ಆಗ ಶಿವರಾಮರಾಜೇ ಭೋಸಲೆ ಮತ್ತು ಸತ್ವಶೀಲಾದೇವಿ ದಂಪತಿಗಳು ಅದನ್ನು ಉಳಿಸಲು ಹೊರಟರು. ಉಳಿದಿದ್ದ ವೃದ್ಧ ಚಿತಾರಿಯಿಂದ ಸತ್ವಶೀಲಾದೇವಿಯವರು ತಾವೇ ವಿದ್ಯೆ ಕಲಿತರು. 1970ರ ದಶಕದ ಆದಿಯಲ್ಲಿ ಅರಮನೆಯಲ್ಲಿಯೇ ಕೆಲಸ ಆರಂಭವಾಯಿತು. ಎಲೆಗಳ ಮಾರಾಟವೊಂದರಿಂದಲೇ ಕುಶಲಿಗಳ ಹೊಟ್ಟೆ ತುಂಬದಾದ್ದರಿಂದ ಮೇಜು, ಪೆಟ್ಟಿಗೆಗಳ ಮೇಲೂ ಅದೇ ಚಿತ್ರಗಳು ಮೂಡಿದವು.

ಈ ವಿಷಯದಲ್ಲಿ ನನಗಿರುವ ಆಸಕ್ತಿಯನ್ನು ಬಲ್ಲ ಮಿತ್ರರೊಬ್ಬರು ತಮ್ಮ ಮನೆಯ ದುಂಡು ಮೇಜನ್ನು ನೋಡಲು ಕರೆದರು. ಮಗಳ ಓದಿನ ಖರ್ಚಿಗಾಗಿ ಅದನ್ನು ಮಾರಬೇಕಾಗಿತ್ತು. ವ್ಯಾಪಾರಿಯೊಬ್ಬ, ‘ಮಾಸಿದ ಚಿತ್ರವನ್ನು ಉಜ್ಜಿ ಹೊಸದಾಗಿ ಬರೆಸಿರಿ. ಅರಮನೆಯಿಂದ ಬಂದ 200 ವರ್ಷದ ಮೇಜು ಎನ್ನಿ. ಬೆಲೆ ಮೂರು ಪಟ್ಟು’ ಎಂದಿದ್ದನಂತೆ.

ಮೇಜನ್ನು ಬೋರಲು ಹಾಕಿ ನೋಡಿದೆವು. ಮರ ಒಣಗುವಾಗ ಎಳೆಗೆ ಅಡ್ಡಲಾಗಿ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ತೀರ ಅಲ್ಪ. ಆದಕಾರಣ ಬಹುಕಾಲದ ದುಂಡು ಹಲಗೆ ತುಸು ಅಂಡಾಕಾರ ತಾಳುತ್ತದೆ. ಇದರಲ್ಲಿ ಎರಡು ಅಳತೆಗಳೂ ಒಂದೇ. ಕಾಲುಗಳನ್ನು ಹಿಡಿದ ತಿರುಪುಗಳ ತಲೆಯಲ್ಲಿ ಕೂಡುವ ಚಿಹ್ನೆಯಂಥ ಗೀರು; ಅಂಥ ತಿರುಪು ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ಕಾಲಿನ ಬಣ್ಣ ತಿರುಪಿನ ಮೇಲೂ ಒಡೆಯದೆ ಹರಿದಿತ್ತು. ತಿರುಪು ಮೊದಲು, ಬಣ್ಣ ಆಮೇಲೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಅಂಚಿನ ಹತ್ತು ವೃತ್ತಗಳಲ್ಲಿ ಹತ್ತು ಅವತಾರಗಳು. ಅರಮನೆಯ ಪುನರುಜ್ಜೀವನ ಕಾಲದ ಕೆಲಸವೆಂದು ಅಂದಾಜು ಮಾಡಿದೆ.

1972ರ ಪುರಾವಸ್ತು ಕಾಯಿದೆಯ ಪ್ರಕಾರ ಇಂಥ ವಸ್ತು ಪುರಾವಸ್ತು ಎನಿಸಿಕೊಳ್ಳಲು ಕನಿಷ್ಠ 100 ವರ್ಷ ತುಂಬಿರಬೇಕು. ಇದಕ್ಕೆ ಅದರ ಅರ್ಧದಷ್ಟು ವಯಸ್ಸು. ಚಿತ್ರವನ್ನು ಉಜ್ಜಿದರೆ ಇರುವ ಬೆಲೆಯೂ ಹೋಗುತ್ತದೆ; ಬಲ್ಲವನು ಹಣ ಕೊಡುವುದು ಮೊದಲ ಕೈಯ ಬಣ್ಣಕ್ಕೆ. ಮಿತ್ರರಿಗೆ ಇಷ್ಟನ್ನು ಹೇಳಿ, ಒಣಬಟ್ಟೆಯಿಂದ ದೂಳು ಒರೆಸಿದರೆ ಸಾಕೆಂದೆ. ಅವರು ಕಂಡದ್ದನ್ನು ಕಂಡಂತೆ ಬರೆದುಕೊಟ್ಟು ಮಾರಿದರು. ವ್ಯಾಪಾರಿ ಆಡಿದ ಬೆಲೆ ಬರಲಿಲ್ಲ. ಒಂದು ವರ್ಷದ ಶುಲ್ಕಕ್ಕೆ ಸಾಕಾಯಿತು.

ಸುಳ್ಳು ವಯಸ್ಸಿನಿಂದ ಕೊಳ್ಳುವವನ ಹಣವಷ್ಟೇ ನಷ್ಟವಾದರೆ ಅದು ಸಂತೆಯ ಮಾತು. ಆ 200 ವರ್ಷವನ್ನು ಅಂಟಿಸಿದೊಡನೆ, ಮುಳುಗುತ್ತಿದ್ದ ಕಸುಬನ್ನು ಎತ್ತಿ ಹಿಡಿದ ನಾಲ್ಕಾರು ಜನರ ಕೈಕೆಲಸ ಯಾರೋ ಹೆಸರಿಲ್ಲದ ಪೂರ್ವಿಕರ ಪಾಲಾಗುತ್ತದೆ. ಚರಿತ್ರೆಯಲ್ಲಿ ಐವತ್ತು ವರ್ಷ ಸಣ್ಣ ವಯಸ್ಸಾಗಿರಬಹುದು. ಆ ಮೇಜಿಗೆ ಅದೇ ನಿಜವಾದ ಮನೆತನ.